ಸಕ್ಕರೆಗೆ ಬಾಗಿಲು ತೆರೆಯದ ನನ್ನ ತೊಡೆಗಳಿಗೆ, ಬೆಲ್ಲದ ಮಂಡಿಯಿಂದ

ಮಾನ್ಯರೇ,

ಯಶವಂತಪುರದ ಬೆಲ್ಲದ ಮಂಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾದಿಯ ಮೇಲೆ ಕುಳಿತು ವ್ಯಾಪಾರ ನಡೆಸುತ್ತಿರುವ ವೀರಬಸಪ್ಪನಾದ ನಾನು, ನನ್ನ ಎರಡೂ ತೊಡೆಗಳ ಸ್ನಾಯುಗಳಾದ ತಮಗೆ ಹೊಟ್ಟೆ ಬಿಟ್ಟಷ್ಟು ಬಾಗಿ ನಮಸ್ಕರಿಸಿ, ನಾಲ್ಕು ಜನಕ್ಕೂ ತಿಳಿಯಲೆಂದು ಈ ದೂರನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿರುವುದು ತಮಗೆ ಗೊತ್ತೇ ಇದೆ. ಆಪರೇಷನ್ನಿಗೆಂದು ಎರಡು ಸಲ ಹೋದೆ, ಎರಡು ಸಲವೂ ಸಕ್ಕರೆ ಹೆಚ್ಚಾಗಿದೆಯೆಂದು ವಾಪಸು ಕಳಿಸಿದರು. ಬರುವ ತಿಂಗಳು ಮೂರನೆಯ ಸರದಿ. ಗಂಗಾನಗರದ ಡಾಕ್ಟರ್ ಲುಬ್ನಾ ಅವರು ವಿವರಿಸಿದಂತೆ, ನಾನು ದಿನವೂ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಸಕ್ಕರೆ ಕಳಿಸಿದ್ದು ಸಾಕೆಂದು ಹೇಳುತ್ತದೆ. ಆಮೇಲೆ ತಮ್ಮಲ್ಲಿಗೂ ಬಂದು, ಇನ್ಸುಲಿನ್ನಿನ ಮಾತಿಗೆ ಸ್ವಲ್ಪ ಬೆಲೆ ಕೊಟ್ಟು ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳಿರೆಂದು ವಿನಂತಿಸುತ್ತದೆ. ತಾವೋ ಕೇಳಿದರೂ ಕೇಳದಂತೆ ಬಾಗಿಲು ಹಾಕಿಕೊಂಡು ಕುಳಿತಿದ್ದೀರಿ. ಇಳಿಸುವವರಿಲ್ಲದ ಲಾರಿಗಳು ನಮ್ಮ ಮಂಡಿಯ ಯಾರ್ಡಿನ ಗೇಟಿನಲ್ಲಿ ನಿಂತಂತೆ ಸಕ್ಕರೆಯೆಲ್ಲ ರಕ್ತದಲ್ಲೇ ನಿಂತಿದೆ.

ತಮ್ಮ ಈ ಅಚಲ ನಿಷ್ಠೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಅದೇ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರ ತೊಡೆಗಳು, ಕೆಲಸಕ್ಕಿಳಿದರೆ ಸಾಕು, ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ಬಾಗಿಲು ತೆರೆದುಬಿಡುತ್ತವಂತೆ. ಎಂಥ ಶಿಸ್ತುಗೇಡಿತನ! “ಮಾತ್ರೆ ಬಾಗ್ಲು ತಟ್ಟತ್ತೆ ಅಷ್ಟೇ ಕಣ್ರೀ, ನೀವ್ ನಡೆದ್ರೆ ಬಾಗ್ಲು ತಾನಾಗೇ ತೆಗೆಯತ್ತೆ,” ಎಂದರು ಡಾಕ್ಟರು. ಅಂಗಡಿಯಿಂದ ಎದುರಿನ ತೂಕದ ಕಾಟಾದವರೆಗೂ ತಮ್ಮನ್ನು ಅಂಗಡಿ ಹುಡುಗ ಓಡಿಸುವ ನನ್ನ ಸ್ಕೂಟರಿನ ಮೇಲೆ ಕೂರಿಸಿ ಗೌರವದಿಂದ ಕರೆದೊಯ್ಯುವ ನನಗೆ ಈ ಮಾತು ಕೇಳಬೇಕಾಗಿ ಬಂತು.

ಇನ್ನು ನನ್ನ ಕಡೆಯ ಒಂದು ಸಣ್ಣ ಸಂಗತಿಯನ್ನೂ ಮುಚ್ಚಿಡುವುದಿಲ್ಲ. ಮೊದಲು ಬೆಲ್ಲದ ಬಣ್ಣ ನೋಡಿಯೇ ದರ್ಜೆ ಹೇಳುತ್ತಿದ್ದೆ. ಈಗ ಬಣ್ಣ ಕಾಣದ್ದರಿಂದ ಪೆಂಟೆಯೆಂಬ ಪ್ರತಿ ದೊಡ್ಡ ಬೆಲ್ಲದ ಮುದ್ದೆಯಿಂದಲೂ ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಬೇಕಾಗಿದೆ. ದಿನಕ್ಕೆ ನಲವತ್ತು ಪೆಂಟೆ. ಕಣ್ಣು ಕಾಣದೆ ತಿನ್ನುತ್ತೇನೆ, ತಿಂದದ್ದಕ್ಕೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದ್ದಕ್ಕೆ ಕಣ್ಣಿನ ಆಪರೇಷನ್ ನಿಲ್ಲುತ್ತದೆ. ಇದರಲ್ಲಿ ನನ್ನ ತಪ್ಪೇನಿದೆಯೆಂದು ಹೆಂಡತಿ ಶಿವಲಿಂಗವ್ವನನ್ನು ಕೇಳಿದರೆ, “ತಿನ್ನೂ ನಾಲಿಗಿ ನಿಮ್ದು, ಬೈಸ್ಕೊಳ್ಳೂದು ತೊಡಿ ಏನ್ರೀ?” ಎಂದಳು. ಹಾಗೆನ್ನುವಾಗ ಅವಳ ಹಣೆಯ ವಿಭೂತಿ ನನಗೆ ಕಾಣಲಿಲ್ಲ. ಒಂದೇ ಮಾರು ದೂರದಲ್ಲಿದ್ದಳು. ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ನಾನು ಗಾದಿಯ ಮೇಲೆ ಕುಳಿತಂತೆಯೇ ಇರುತ್ತೇನೆ, ತಾವು ಮಾತ್ರ ದಿನವೂ ಬೆಳಿಗ್ಗೆ ಹೋಗಿ ಹೆಬ್ಬಾಳದ ಕೆರೆಗೆ ಎರಡು ಸುತ್ತು ಹಾಕಿ, ಅಂಗಡಿ ತೆರೆಯುವ ಹೊತ್ತಿಗೆ ಹಿಂತಿರುಗತಕ್ಕದ್ದು.

ಇಪ್ಪತ್ತಾರು ವರ್ಷ ತಮ್ಮ ಮೇಲೆಯೇ ಭಾರ ಹಾಕಿ ಕುಳಿತ,
ತಮ್ಮ ವಿಶ್ವಾಸಿ,
ವೀರಬಸಪ್ಪ

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ಡಾಕ್ಟರ್ ಲುಬ್ನಾ ಅವರಿಗೆ ಮುಟ್ಟಿಸಬೇಕಿದೆ. ಆರ್.ಟಿ. ನಗರದ ನಮ್ಮ ಮನೆಯಿಂದ ಕ್ಲಿನಿಕ್ಕಿಗೆ ಎರಡು ಕಿಲೋಮೀಟರು. ಸ್ಕೂಟರಿನ ಕೀಲಿಯನ್ನು ಶಿವಲಿಂಗವ್ವ ಬೆಳಿಗ್ಗೆಯೇ ಸೆರಗಿಗೆ ಕಟ್ಟಿಕೊಂಡಿದ್ದಾಳೆ, ನನ್ನನ್ನು ಹತ್ತಿಸಿಕೊಳ್ಳಬೇಡಿರೆಂದು ಆಟೋದವರಿಗೂ ಹೇಳಿಟ್ಟಿದ್ದಾಳೆ. ಹಾಗಾಗಿ ತಮ್ಮ ಮೇಲಿನ ದೂರನ್ನು ತಾವೇ ಹೊತ್ತು ತಲುಪಿಸಬೇಕಾಗಿದೆ. ಏಳಿ, ನಾನೂ ಜೊತೆಗೆ ಬರುತ್ತೇನೆ.