ಮೀಸೆ ತೆತ್ತು ತಂದ ಮಾಸ್ಕು

ಮೀಸೆ ಡ್ರೈವರನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಕೈಕೊಟ್ಟಾಗಲೂ, ಎರಡೂ ತುದಿ ಕಿವಿ ಮುಟ್ಟುವ ಅವನ ಮೀಸೆ ಅಲುಗಿರಲಿಲ್ಲವಂತೆ (ಹೇಳಿದವನು ಅವನೇ). ಅಂಥ ಮೀಸೆಯೂ ಹೋದ ವಾರ ನಡುಗಿತು. ಹಿಂದಿನ ಬೀದಿಯ ಐಸ್ ಫ್ಯಾಕ್ಟರಿಯಲ್ಲಿ ಗ್ಯಾಸು ಸೋರಿ, ಜನರೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತ ಓಡಿದರು. ಉಬ್ಬಸದ ತಾಯಿಯನ್ನು ಎತ್ತಿಕೊಂಡು ಓಡಿದ ಡ್ರೈವರು ಅಂದೇ ಭೀಷ್ಮ ಪ್ರತಿಜ್ಞೆ ಮಾಡಿದ: ಮನೆಯಲ್ಲೊಂದು ಗ್ಯಾಸ್ ಮಾಸ್ಕ್ ಇರಲೇಬೇಕು.

“ಗ್ಯಾಸು ಹೊಟ್ಟೇಲಿ ಆಗೋದಲ್ವೇನೋ? ಮುಖಕ್ಕೆ ಯಾಕೋ ಕಟ್ತಾರೆ?” ಎಂದರು ತಾಯಿ.

“ರೀ, ಜೇಬು ನೋಡ್ಕೊಂಡು ತನ್ನಿ,” ಎಂದಳು ಹೆಂಡತಿ.

ಅಂಗಡಿಯವನು ಎರಡು ಬಗೆ ತೋರಿಸಿದ. “ಇದು ತಲೆಯಿಂದ ಕುತ್ತಿಗೆವರೆಗೂ ಚೀಲದ ಥರ. ಗಡ್ಡ ಮೀಸೆ ಏನಿದ್ರೂ ನಡೆಯುತ್ತೆ.”

ಬೆಲೆ ಕೇಳಿ ಡ್ರೈವರನಿಗೆ ಗ್ಯಾಸಿಲ್ಲದೆಯೇ ಉಸಿರು ಕಟ್ಟಿತು.

“ಹಾಗಾದ್ರೆ ಇದು, ಅಗ್ಗದ್ದು. ಆದ್ರೆ ರಬ್ಬರು ಕೆನ್ನೆಗೆ ಅಂಟಿ ಕೂರಬೇಕು. ಕೂದಲು ಅಡ್ಡ ಬಂದ್ರೆ ಸಂದೀಲಿ ಗ್ಯಾಸು ಒಳಗೆ ಬರುತ್ತೆ. ನಿಮ್ಮದು...” ಅಂಗಡಿಯವನು ಮೀಸೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಕಣ್ಣು ಹಾಯಿಸಿದ. “ಹೈವೇ ಸಾರ್.”

ಅಗ್ಗದ್ದನ್ನೇ ಕೊಂಡು ಡ್ರೈವರು ನೇರವಾಗಿ ಕ್ಷೌರದಂಗಡಿಗೆ ಹೋದ. ಕ್ಷೌರಿಕನ ಕೈಯೇ ಏಳಲಿಲ್ಲ. “ಅಣ್ಣಾ, ಇನ್ನೊಂದ್ಸಲ ಯೋಚನೆ ಮಾಡಿ.”

“ಹೆತ್ತ ತಾಯಿಗಿಂತ ಮೀಸೆ ಹೆಚ್ಚೇನಯ್ಯಾ? ತೆಗಿ!” ಎಂದು ಡ್ರೈವರು ಕಣ್ಣು ಮುಚ್ಚಿದ.

ಮನೆಗೆ ಬಂದು ಬಾಗಿಲು ತಟ್ಟಿದರೆ, ತಾಯಿ ಕಿಟಕಿಯಿಂದ ಇಣುಕಿದರು. “ಮನೇಲಿ ಗಂಡಸರಿಲ್ಲಪ್ಪಾ, ಆಮೇಲೆ ಬಾ.”

“ಅಮ್ಮಾ, ನಾನೇ!”

ದನಿ ಕೇಳಿ ಬಾಗಿಲು ತೆರೆಯಿತು. ತಾಯಿಯ ಬಾಯೂ ತೆರೆಯಿತು. ಬಹಳ ಹೊತ್ತು ಮುಚ್ಚಲಿಲ್ಲ.

ಹೆಂಡತಿ ಮಾತ್ರ ಕೈಯೊರೆಸಿಕೊಂಡು ಕೂತು ಗಂಡನ ತ್ಯಾಗದ ಕಥೆಯನ್ನು ಸಮಾಧಾನದಿಂದ ಪೂರ್ತಿ ಕೇಳಿದಳು. ಮಾಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಅಲ್ಲಾ ರೀ, ಗ್ಯಾಸು ಬಂದ್ರೆ ಇದನ್ನ ಯಾರ ಮುಖಕ್ಕೆ ಹಾಕೋದು?”

“ಅದೇನು ಕೇಳೋದು? ಅಮ್ಮನಿಗೆ! ಉಬ್ಬಸ ಇರೋದು ಅವಳಿಗೆ ತಾನೇ?”

“ಅತ್ತೆಗೆ ಮೀಸೆ ಇದೆಯಾ?”

ಡ್ರೈವರನ ಕೈ ಅಭ್ಯಾಸಬಲದಿಂದ ಮೀಸೆ ತಿರುವಲು ಮೇಲೆದ್ದಿತು. ಅಲ್ಲಿ ತಿರುವಲು ಬರೀ ಗಾಳಿಯಿತ್ತು.

ಅಷ್ಟರಲ್ಲಿ ತಾಯಿ ಮಾಸ್ಕು ಹಾಕಿಕೊಂಡೇ ಬಿಟ್ಟಿದ್ದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಒಳಗಿನಿಂದ ಗುಂಯ್ಗುಟ್ಟುವ ದನಿ ಬಂತು: “ದೇವರು ದೊಡ್ಡವನು ಕಣೋ. ಮತ್ತೆ ಬೆಳೆಯುತ್ತೆ ಬಿಡು.”

ಹೆಂಡತಿ ನಗು ತಡೆದುಕೊಂಡು ಗಂಡನಿಗೆ ನೀರು ತಂದುಕೊಟ್ಟಳು. “ಬೇಜಾರು ಮಾಡ್ಕೋಬೇಡಿ. ಇದರಲ್ಲೂ ಒಂದು ಲಾಭ ಇದೆ. ಇನ್ಮೇಲೆ ನೀವು ಎಷ್ಟು ಸಲ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲ್ಲ.”