ಅಮಾನತಿನ ರುಚಿ

ತೊಂದರೆ ಶುರುವಾದದ್ದು ಒಂದು ಕ್ರಾಪಿನಿಂದ.

ಶನಿವಾರ ಬೆಳಿಗ್ಗೆ, ಬೀದಿಯವರೆಲ್ಲ ಅಕ್ಕ ಎಂದು ಕರೆಯುವವಳ ಹೋಟೆಲಿನಲ್ಲಿ, ತನ್ನ ಮೂಲೆಯ ಕುರ್ಚಿಯಲ್ಲಿ ಕೂತು, ಏಣಿ ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆ ಕರಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆಗ ಎದುರು ಸಲೂನಿನ ಕತ್ತರಿ ಮಾಮ, ಕೈಯಲ್ಲಿದ್ದ ಕತ್ತರಿಯನ್ನೂ ಕೆಳಗಿಡದೆ, ಒಳಗೆ ನುಗ್ಗಿದರು. ಅವರ ಬೆನ್ನಿಗೇ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಗಿರಾಕಿಯೊಬ್ಬ ಓಡಿಬಂದ. ಅವನ ತಲೆಗೂದಲು ಒಂದು ಪಕ್ಕ ಮಾತ್ರ ಕತ್ತರಿಸಿತ್ತು. ಇನ್ನೊಂದು ಪಕ್ಕದ ಗತಿಯೇನೆಂಬ ಚಿಂತೆ ಅವನ ಮುಖದಲ್ಲಿತ್ತು.

“ಸಿಕ್ಬಿಡ್ತು ಕಣೋ ತಮ್ಮಾ,” ಎಂದರು ಮಾಮ ಏದುಸಿರು ಬಿಡುತ್ತ. “ನಿನ್ನ ಸಸ್ಪೆನ್ಷನ್ ಇವತ್ತಿಗೆ ಮುಗೀತು ಅಂತಾನೇ ತಿಳ್ಕೋ.”

ಏಣಿ ಬ್ರೆಡ್ಡಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಏಣಿ ಗೋಲ್‌ಕೀಪರು. ಯಾವ ಬಾಗಿಲಿಗಾದರೂ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಉದ್ದದ ಆಳು. ಸಮುದ್ರ ದಾಟಿ ಈ ಪರದೇಶದ ಕ್ಲಬ್ಬಿಗೆ ಆಡಲು ಬಂದು ಎರಡು ವರ್ಷವಾಗಿತ್ತು. ಎರಡು ವರ್ಷದಲ್ಲಿ ಅವನು ನೋಡಿದ ಪರದೇಶವೆಂದರೆ ಮೈದಾನ, ಬಸ್ಸು ಮತ್ತು ಕ್ಲಬ್ಬಿನ ಮೆಸ್ಸು. ಮೆಸ್ಸಿನಲ್ಲಿ ತಕ್ಕಡಿ ಡಾಕ್ಟರೆಂಬ ಮಹಾನುಭಾವರೊಬ್ಬರಿದ್ದರು. ಬೇಯಿಸಿದ ಕೋಳಿ, ಬೇಯಿಸಿದ ಬೀನ್ಸು, ಬೇಯಿಸಿದ ಗೆಣಸು, ಎಲ್ಲವನ್ನೂ ತೂಗಿ ತಟ್ಟೆಗೆ ಹಾಕುವುದು ಅವರ ವೈದ್ಯ. ಉಪ್ಪು ಕೇಳಿದರೆ ಕಿಡ್ನಿ ಕೇಳಿದವನನ್ನು ನೋಡುವ ಹಾಗೆ ನೋಡುತ್ತಿದ್ದರು. ಆಡುವವರು ಹೊರಗೆ ಒಂದು ತುತ್ತೂ ತಿನ್ನುವಂತಿರಲಿಲ್ಲ. ಅಲ್ಲಿ ಏನೇನು ತಿಂದೆ ಮಗಾ ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ಏಣಿ ಮಾತು ಬದಲಿಸುತ್ತಿದ್ದ.

ಹೋದ ತಿಂಗಳು ತನ್ನ ಕ್ಲಬ್ಬಿದ್ದ ಊರಿನದೇ ಇನ್ನೊಂದು ಕ್ಲಬ್ಬಿನ ಮೇಲೆ ಆಟವಿತ್ತು. ಅವರ ಮುಂಚೂಣಿ ಆಟಗಾರ ಗೂಳಿ, ಚೆಂಡು ಅತ್ತ ಕಡೆ ಇದ್ದಾಗ, ಏಣಿಯ ಮುಂದೆ ದೊಪ್ಪನೆ ಬಿದ್ದ. ಬೆನ್ನು ಹಾಕಿ ನಿಂತಿದ್ದ ರೆಫರಿ ತಿರುಗಿ ನೋಡಿದರು. ಬಿದ್ದವನೊಬ್ಬ, ನಿಂತವನೊಬ್ಬ. ನಿಂತವನಿಗೆ ಕೆಂಪು ಕಾರ್ಡು ತೋರಿಸಿದರು. ಮುಖಕ್ಕೆ ಮೊಣಕೈಯಿಂದ ತಿವಿದನೆಂದು ಫುಟ್‌ಬಾಲ್ ಮಂಡಳಿ ಅವನನ್ನು ಈ ಸಾಲಿನ ಆಟವೆಲ್ಲ ಮುಗಿಯುವವರೆಗೆ ಅಮಾನತು ಮಾಡಿತು. ಏಣಿ ಗೂಳಿಯ ಕೂದಲನ್ನೂ ಮುಟ್ಟಿರಲಿಲ್ಲ. ಅವತ್ತು ಅವನು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಿದ್ದ. ನ್ಯಾಯ ಬೇಕೆಂದು ಮೇಲ್ಮನವಿಗೆ ಸಹಿ ಹಾಕಿದ್ದ.

ಮರುದಿನ ಮೆಸ್ಸಿಗೆ ಹೋದರೆ ತಕ್ಕಡಿ ಡಾಕ್ಟರು ಬಾಗಿಲಲ್ಲೇ ತಡೆದರು. ಅಮಾನತಾದವರಿಗೆ ಇಲ್ಲಿ ಊಟವಿಲ್ಲ, ಅದು ಕ್ಲಬ್ಬಿನ ನಿಯಮ ಎಂದರು. ಹೊಟ್ಟೆ ತಾಳ ಹಾಕುತ್ತಿತ್ತು. ಏಣಿ ದಿಕ್ಕು ತೋಚದೆ ಬೀದಿಯಲ್ಲಿ ನಡೆದ. ಒಂದು ತಿರುವಿನಲ್ಲಿ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಅವನ ಮೂಗು ಹಿಡಿದು ಎಳೆದುಕೊಂಡು ಹೋಗಿ ಅಕ್ಕನ ಹೋಟೆಲಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿತು.

ಆಮೇಲೆ ಅವನು ಬೇರೆಯೇ ಮನುಷ್ಯನಾದ. ಅಕ್ಕ ಒಂದು ದಿನ ಮೇಲಿನ ಅಟ್ಟದಿಂದ ಜಾಡಿ ತೆಗೆದುಕೊಡು ತಮ್ಮಾ ಎಂದಳು. ಕೈ ಚಾಚಿ ತೆಗೆದುಕೊಟ್ಟ. ಸುದ್ದಿ ಬೀದಿಯೆಲ್ಲ ಹಬ್ಬಿತು. ಯಾರ ಮನೆಯಲ್ಲಿ ಬಲ್ಬು ಹೋದರೂ, ಯಾರ ಬೆಕ್ಕು ಮಾಡಿನ ಮೇಲೆ ಹತ್ತಿ ಕೂತರೂ ಏಣಿಗೆ ಕರೆ ಬರುತ್ತಿತ್ತು. ಬಲ್ಬು ಹಾಕಿದ್ದಕ್ಕೆ ಒಂದು ತುಂಡು ಚೀಸು, ಬೆಕ್ಕು ಇಳಿಸಿದ್ದಕ್ಕೆ ಹಣ್ಣು ತುಂಬಿ ಸುಟ್ಟ ಕೇಕು. ಮೀನು ಮಾರುವವಳು ಅವನಿಗೆ ಮೀನಿನ ಕಣ್ಣು ನೋಡಿ ತಾಜಾ ಯಾವುದೆಂದು ಹೇಳುವುದನ್ನು ಕಲಿಸಿದಳು. ಎರಡು ವರ್ಷದಲ್ಲಿ ಬಾರದ ಭಾಷೆ ಒಂದು ತಿಂಗಳಲ್ಲಿ ಬಂತು. ಈಗ ಅಮ್ಮನಿಗೆ ಫೋನು ಮಾಡಿದರೆ ಇಡುವ ಮಾತೇ ಇಲ್ಲ. ನಿನ್ನ ದನಿ ತುಂಬಿಕೊಂಡಿದೆ ಎಂದು ಅಮ್ಮ ಖುಷಿಪಟ್ಟಿದ್ದಳು.

ಇವತ್ತಂತೂ ವಿಶೇಷ ದಿನ. ತಿಂಗಳ ಕೊನೆಯ ಶನಿವಾರ ಅಕ್ಕ ದೊಡ್ಡ ಪಾತ್ರೆಯಲ್ಲಿ ಕುರಿಮಾಂಸ, ಈರುಳ್ಳಿ, ಒಣಹಣ್ಣು ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಬೆಳಗಿನಿಂದ ಸಂಜೆಯವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದಳು. ಕಳೆದ ತಿಂಗಳದ್ದು ಏಣಿ ಈ ಬೀದಿಗೆ ಬರುವ ಮೊದಲೇ ಖಾಲಿಯಾಗಿತ್ತು. ಅವತ್ತಿನಿಂದ ಬೀದಿಯವರು ಅದರ ವರ್ಣನೆ ಮಾಡಿ ಮಾಡಿ ಅವನ ನಿದ್ದೆ ಕೆಡಿಸಿದ್ದರು. ಆ ಪಾತ್ರೆಯನ್ನು ಅಟ್ಟದಿಂದ ಇಳಿಸಿದವನೂ ಇವನೇ. ಸಂಜೆ ಮೊದಲ ತಟ್ಟೆ ನಿನ್ನದೇ ಎಂದು ಅಕ್ಕ ಮಾತು ಕೊಟ್ಟಿದ್ದಳು.

ಇಂಥ ದಿನವೇ ಹನ್ನೊಂದು ಗಂಟೆಗೆ ಮೇಲ್ಮನವಿಯ ವಿಚಾರಣೆ. ಮಧ್ಯಾಹ್ನ ಅದೇ ಗೂಳಿಯ ಕ್ಲಬ್ಬಿನ ಮೇಲೆ ಆಟ. ಸಾಕ್ಷಿ ಇಲ್ಲದ ಮೊಕದ್ದಮೆ, ಗೆಲ್ಲುವುದಿಲ್ಲ ಎಂದು ಏಣಿ ನಿಶ್ಚಿಂತೆಯಿಂದಿದ್ದ.

ಕತ್ತರಿ ಮಾಮ ಫೋನು ಅವನ ಮೂಗಿನ ಕೆಳಗೆ ಹಿಡಿದರು. ಅವತ್ತು ಆಟಕ್ಕೆ ಹೋದಾಗ ಅವರ ಮುಂದಿನ ಸಾಲಿನಲ್ಲಿ ಇದೇ ಗಿರಾಕಿ ಕೂತಿದ್ದನಂತೆ. ತಾವೇ ಮಾಡಿದ ಕ್ರಾಪು ಬಿಸಿಲಿಗೆ ಎಷ್ಟು ಚೆಂದ ಕಂಡಿತೆಂದರೆ, ಆಟ ಬಿಟ್ಟು ಅದರ ವಿಡಿಯೋ ತೆಗೆದರಂತೆ. ಇವತ್ತು ಅದೇ ಮಾದರಿ ನೋಡಿಕೊಂಡು ಕತ್ತರಿಸೋಣವೆಂದು ತೆಗೆದರೆ, ಗಿರಾಕಿಯ ಎಡ ಕಿವಿಯ ಪಕ್ಕದಲ್ಲಿ ಗೋಲುಕಂಬ, ಕಂಬದ ಪಕ್ಕ ಏಣಿ, ಏಣಿಯಿಂದ ಮಾರುದೂರದಲ್ಲಿ ತಾನೇ ತಾನಾಗಿ ಕುಸಿಯುತ್ತಿರುವ ಗೂಳಿ.

“ನೋಡು, ಎಷ್ಟು ಸ್ಪಷ್ಟವಾಗಿದೆ,” ಎಂದರು ಮಾಮ. “ಕ್ರಾಪೂ ಸ್ಪಷ್ಟವಾಗಿದೆ.”

ಏಣಿ ನಗಲು ನೋಡಿದ, ಆಗಲಿಲ್ಲ. ಒಂದು ಸಲ ನೋಡಿ ಕೊಡುತ್ತೇನೆಂದು ಫೋನು ಇಸಕೊಂಡು ಕೈ ತೊಳೆಯುವ ಕಡೆಗೆ ಹೋದ. ಜೀವನದಲ್ಲಿ ಅವನು ಮಾಡಿದ ಮೊದಲ ಕಳ್ಳ ಕೆಲಸ ಅದು. ವಿಡಿಯೋ ಅಳಿಸಿ, ಬೆವರು ಒರೆಸಿಕೊಂಡು ಬಂದು, ಏನೋ ಒತ್ತಿದೆ ಮಾಮ, ಹೊರಟೇ ಹೋಯಿತು ಎಂದ.

ಮಾಮ ಅವನ ಬೆನ್ನು ತಟ್ಟಿದರು. ಪರವಾಗಿಲ್ಲ, ಆಗಲೇ ಬೀದಿಯವರಿಗೆಲ್ಲ ಕಳಿಸಿದ್ದೇನೆ ಎಂದರು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಮೀನಿನವಳು, ಬಲ್ಬಿನ ಮನೆಯ ಅಜ್ಜಿ, ಬೆಕ್ಕಿನ ಮನೆಯವರು ಎಲ್ಲರೂ ಫೋನು ಮೇಲೆತ್ತಿ ಹಿಡಿದುಕೊಂಡು ಒಳಗೆ ಬಂದರು. ಅಜ್ಜಿಯ ಕಣ್ಣಲ್ಲಿ ನೀರಿತ್ತು. ಏಣಿಯ ಕಣ್ಣಲ್ಲೂ ನೀರು ಬಂತು, ಕಾರಣ ಮಾತ್ರ ಬೇರೆ. ನಿಮ್ಮ ದಮ್ಮಯ್ಯ, ನನಗೆ ನ್ಯಾಯ ಬೇಡ ಎಂದು ಈ ಜನರಿಗೆ ಹೇಗೆ ಹೇಳುವುದು? ಅಕ್ಕ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟಳು. ಬೀದಿಗೆ ಬೀದಿಯೇ ಅವನನ್ನು ಮಂಡಳಿಯ ಕಚೇರಿಗೆ ಎಳೆದುಕೊಂಡು ಹೋಯಿತು.

ಕಚೇರಿಯ ಪಡಸಾಲೆಯಲ್ಲಿ ಒಂದೇ ಬೆಂಚು. ಅದರಲ್ಲಿ ಆಗಲೇ ಗೂಳಿ ಕೂತಿದ್ದ. ಹೆಸರಷ್ಟೇ ಗೂಳಿ, ಕೆನ್ನೆ ಒಳಗೆ ಹೋಗಿ ಕಣ್ಣು ಹೊರಗೆ ಬಂದಿತ್ತು. ಅವನೂ ಯಾವುದೋ ದೂರದ ದೇಶದವನೇ. ಏಣಿಯನ್ನು ನೋಡಿ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಅವನ ಮೂಗು ಪೊಟ್ಟಣದ ಕಡೆಗೆ ತಿರುಗಿತು.

“ಅಣ್ಣಾ, ಅವತ್ತು ನಾನು ಬೇಕಂತ ಬಿದ್ದಿದ್ದಲ್ಲ,” ಎಂದ ಮೆಲ್ಲಗೆ. “ಹೊಟ್ಟೆಗಿಲ್ದೆ ತಲೆ ತಿರುಗ್ತು. ಕಣ್ಣು ಬಿಟ್ಟಾಗ ನಿಮಗೆ ಕಾರ್ಡ್ ತೋರಿಸ್ತಿದ್ರು. ಆಟಗಾರ ಹಸಿವಿಗೆ ಬಿದ್ದ ಅಂತ ಹೇಳಕ್ಕೆ ನಾಚಿಕೆ ಆಯ್ತು.”

ಅವರ ಕ್ಲಬ್ಬಿನಲ್ಲೂ ಒಬ್ಬ ತಕ್ಕಡಿ ಡಾಕ್ಟರಿದ್ದರಂತೆ. ಏಣಿ ಪೊಟ್ಟಣ ಬಿಚ್ಚಿ ಅರ್ಧ ಕೊಟ್ಟ. ಗೂಳಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. ಆ ಮುಖ ನೋಡಿ ಉಳಿದ ಅರ್ಧವನ್ನೂ ಕೊಟ್ಟ. ಇದು ಎಲ್ಲಿ ಸಿಗುತ್ತದೆಂದು ಗೂಳಿ ಕೇಳಿದ್ದೇ ತಡ, ಏಣಿಗೆ ಮಾತು ಉಕ್ಕಿತು. ಯಾವ ತಿರುವು, ಯಾವ ಬಾಗಿಲು, ಮೂಲೆಯ ಕುರ್ಚಿಯಲ್ಲಿ ಕೂತರೆ ಒಲೆ ಹೇಗೆ ಕಾಣುತ್ತದೆ, ಇವತ್ತು ಸಂಜೆ ಹಿಟ್ಟು ಒಡೆದು ಮುಚ್ಚಳ ತೆಗೆದಾಗ ಏನಾಗಲಿದೆ, ಎಲ್ಲವನ್ನೂ ಬಿಡಿಸಿ ಹೇಳಿದ. ಅಮಾನತಾದರೆ ಮಾತ್ರ ಅಲ್ಲಿ ತಿನ್ನಲು ಬಿಡುತ್ತಾರೆ ಎಂದೂ ನಿಟ್ಟುಸಿರಿಟ್ಟ. ಗೂಳಿ ಎಲ್ಲವನ್ನೂ ಶಾಲೆಯ ಹುಡುಗನ ಹಾಗೆ ಕೇಳಿಸಿಕೊಂಡ.

ಒಳಗೆ ಮಂಡಳಿಯ ಮೂವರು ಹಿರಿಯರಿದ್ದರು. ಏಣಿಯ ಕೋಚು ಪಕ್ಕದಲ್ಲೇ ಇದ್ದರು. ಮಾಮ ಮೀನಿನವಳ ಫೋನು ಹಿಡಿದು ಮುಂದೆ ಬರುತ್ತಿದ್ದ ಹಾಗೆ ಏಣಿಗೆ ಉಳಿದದ್ದು ಒಂದೇ ದಾರಿ. ಅವನು ಎದ್ದು ನಿಂತ, ದೀಪಕ್ಕೆ ತಲೆ ತಾಗಿತು.

“ನಾನೇ ಹೊಡೆದಿದ್ದು,” ಎಂದ. “ಸಸ್ಪೆನ್ಷನ್ ಸರಿಯಾಗೇ ಇದೆ. ಇನ್ನೂ ಸ್ವಲ್ಪ ಜಾಸ್ತಿ ಮಾಡಿದ್ರೂ ನನ್ನದೇನೂ ತಕರಾರಿಲ್ಲ.”

ಕೋಚು ತಲೆಯ ಮೇಲೆ ಕೈಹೊತ್ತರು. ಆದರೆ ಮಾಮನನ್ನು ತಡೆಯುವವರು ಯಾರು? ವಿಡಿಯೋ ತೋರಿಸಿಯೇಬಿಟ್ಟರು. ಹಿರಿಯರು ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು, ಕ್ರಾಪನ್ನೂ ನೋಡಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಮಾಡದ ತಪ್ಪನ್ನು ತಾನು ಹೊತ್ತುಕೊಂಡು ಎದುರಾಳಿಯ ಮಾನ ಉಳಿಸಲು ಹೊರಟ ಇಂಥ ಆಟಗಾರನನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಅಮಾನತು ಈ ಗಳಿಗೆಯಿಂದಲೇ ರದ್ದು, ಮಧ್ಯಾಹ್ನ ಆಡಬಹುದು ಎಂದರು. ಗೂಳಿಗೆ ಎಚ್ಚರಿಕೆ ಮಾತ್ರ ಕೊಟ್ಟರು. ಇನ್ನೊಂದು ಸಲ ಹೀಗೆ ನಾಟಕವಾಡಿ ಬಿದ್ದರೆ ಈ ಸಾಲು ಮುಗಿಯುವವರೆಗೆ ಮೈದಾನದ ಆಸೆ ಬಿಡಬೇಕು ಎಂದರು. ಗೂಳಿ ಆ ಮಾತನ್ನು ಬಹಳ ಗಮನವಿಟ್ಟು ಕೇಳಿದ.

ಬೀದಿಯವರು ಏಣಿಯನ್ನು ಹೆಗಲ ಮೇಲೆ ಹೊತ್ತರು. ಹೊರಗೆ ತಕ್ಕಡಿ ಡಾಕ್ಟರು ತಕ್ಕಡಿ ಸಮೇತ ಕಾಯುತ್ತಿದ್ದರು.

ಆಟ ಶುರುವಾಯಿತು. ಏಣಿಯ ಕಣ್ಣು ಚೆಂಡಿನ ಮೇಲಿದ್ದರೂ ಮನಸ್ಸು ಪಾತ್ರೆಯ ಸುತ್ತ ಮೆತ್ತಿದ ಹಿಟ್ಟಿನ ಮೇಲಿತ್ತು. ಈಗ ಹಿಟ್ಟು ಕಂದುಬಣ್ಣಕ್ಕೆ ತಿರುಗಿರಬೇಕು, ಈಗ ಮಾಂಸ ಎಲುಬು ಬಿಟ್ಟಿರಬೇಕು. ಅರ್ಧ ಆಟ ಮುಗಿಯುವ ಹೊತ್ತಿಗೆ ಅವನು ಗಟ್ಟಿ ಮನಸ್ಸು ಮಾಡಿದ. ಹೋದ ಸಲ ಮಾಡದೆ ಸಿಕ್ಕ ಕೆಂಪು ಕಾರ್ಡು ಮಾಡಿದರೆ ಸಿಗದೆ ಇರುತ್ತದೆಯೇ? ಮತ್ತೆ ಆಟ ಶುರುವಾಗಿ ಮೂಲೆಯಿಂದ ಚೆಂಡು ಬರುತ್ತಿದ್ದಾಗ, ರೆಫರಿ ಎದುರಿಗೇ ನಿಂತು ನೋಡುತ್ತಿದ್ದಾಗ, ದೇವರೇ ಕ್ಷಮಿಸು ಎಂದುಕೊಂಡು, ಗೂಳಿಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ತಳ್ಳಿದ.

ಗೂಳಿ ಬಿದ್ದ. ರೆಫರಿ ಸೀಟಿ ಊದಿದರು. ಏಣಿ ಆಗಲೇ ಗ್ಲೌಸು ಕಳಚಿ ಹೊರಗೆ ಹೊರಟಿದ್ದ. ಹಿಂತಿರುಗಿ ನೋಡಿದರೆ ರೆಫರಿ ಕೆಂಪು ಕಾರ್ಡನ್ನು ನೆಲದ ಮೇಲಿದ್ದ ಗೂಳಿಗೆ ತೋರಿಸುತ್ತಿದ್ದರು.

ಏಣಿ ಓಡಿಹೋದ. “ಸಾರ್, ತಳ್ಳಿದ್ದು ನಾನು.”

ರೆಫರಿ ಅವನ ಕೈ ಹಿಡಿದುಕೊಂಡರು. “ನೀವು ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು,” ಎಂದರು. “ಬೆಳಿಗ್ಗೆ ನಡೆದಿದ್ದು ಎಲ್ಲಾ ಕೇಳಿದ್ದೀನಿ.”

ಮೈದಾನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗೂಳಿ ಎದ್ದು, ಮಣ್ಣು ಕೊಡವಿಕೊಂಡು, ಆಟದಲ್ಲಿ ಎಂದೂ ಓಡದ ವೇಗದಲ್ಲಿ ಹೊರಗೆ ಓಡಿದ. ಏಣಿಯ ತಂಡ ಗೆದ್ದಿತು.

ಸಂಜೆ ಬೀದಿಯವರ ಒತ್ತಾಯಕ್ಕೆ ಕೋಚು ಏಣಿಯನ್ನು ಅಕ್ಕನ ಹೋಟೆಲಿಗೆ ಕರೆತಂದರು. ಕಾವಲಿಗೆ ತಕ್ಕಡಿ ಡಾಕ್ಟರೂ ಬಂದರು. ಬಾಗಿಲಲ್ಲೇ ಆ ಪರಿಮಳ ಬಂದು ಮುಖಕ್ಕೆ ಬಡಿಯಿತು. ಮುಚ್ಚಳ ತೆಗೆದಾಗಿತ್ತು. ಮೂಲೆಯ ಕುರ್ಚಿಯಲ್ಲಿ, ಕೊರಳಿಗೆ ಕರವಸ್ತ್ರ ಕಟ್ಟಿಕೊಂಡು, ಗೂಳಿ ಕೂತಿದ್ದ.

ಪಾಪ, ಇವನನ್ನು ಇವತ್ತು ಸಸ್ಪೆಂಡ್ ಮಾಡಿದ್ದಾರಂತೆ, ಅವರ ಮೆಸ್ಸಿನಲ್ಲೂ ಊಟ ಇಲ್ಲವಂತೆ ಎಂದು ಅಕ್ಕ ಮರುಗಿದಳು. ನಿನಗೆ ಡಾಕ್ಟರು ಹೇಳಿದ ಹಾಗೆ ಉಪ್ಪಿಲ್ಲದೆ ಕೋಳಿ ಬೇಯಿಸಿದ್ದೇನೆ, ನನ್ನ ಕೈಯಾರೆ ಮಾಡಿದ್ದು, ಬಿಡಬೇಡ ಎಂದಳು. ಡಾಕ್ಟರು ತೂಗಿ ತಟ್ಟೆಗೆ ಹಾಕಿದರು.

ಕತ್ತರಿ ಮಾಮ ಏಣಿಯ ಪಕ್ಕಕ್ಕೆ ಬಂದು ಕಿವಿಯಲ್ಲಿ ಪಿಸುಗುಟ್ಟಿದರು. ಇವತ್ತಿನ ಆಟದ ವಿಡಿಯೋವನ್ನೂ ತೆಗೆದಿದ್ದರಂತೆ, ತಳ್ಳಿದ್ದು ನೀನೇ ಎಂಬುದು ಕನ್ನಡಿಯಷ್ಟು ಸ್ಪಷ್ಟವಾಗಿತ್ತಂತೆ. ಏಣಿಗೆ ಹೋದ ಜೀವ ಬಂದಂತಾಯಿತು. ಅವರ ಎರಡೂ ಕೈ ಹಿಡಿದುಕೊಂಡು, ನಾಳೆಯೇ ಮಂಡಳಿಗೆ ತೋರಿಸೋಣ ಮಾಮ ಎಂದ.

“ಹುಚ್ಚಪ್ಪ,” ಎಂದರು ಮಾಮ ಪ್ರೀತಿಯಿಂದ. “ನೀನು ನಮ್ಮ ಹುಡುಗ. ಆಗ್ಲೇ ಅಳಿಸಿಬಿಟ್ಟೆ. ಈ ಸಲ ಯಾರಿಗೂ ಕಳಿಸಿರ್ಲಿಲ್ಲ.”

ಅಷ್ಟರಲ್ಲಿ ಗೂಳಿ ತಿನ್ನುವುದನ್ನು ನಿಲ್ಲಿಸಿ ಎದ್ದುಬಂದ. ಅವನ ತುಟಿ ಎಣ್ಣೆಯಿಂದಲೂ ಕಣ್ಣು ನೀರಿನಿಂದಲೂ ಹೊಳೆಯುತ್ತಿದ್ದವು.

“ನನಗೋಸ್ಕರಾನೇ ತಳ್ಳಿದ್ರಿ ಅಂತ ಆಗ್ಲೇ ಗೊತ್ತಾಯ್ತು ಅಣ್ಣಾ,” ಎಂದ. “ಒಡಹುಟ್ಟಿದವರೂ ಹೀಗೆ ಮಾಡಲ್ಲ.”

ಬೀದಿಯವರೆಲ್ಲ ಏಣಿಯ ಬೆನ್ನು ತಟ್ಟಿದರು. ಅಧ್ಯಕ್ಷರ ಮಾತು ಸುಳ್ಳಲ್ಲ ನೋಡಿ ಎಂದು ಕೋಚು ಡಾಕ್ಟರಿಗೆ ಹೇಳಿದರು. ಅಕ್ಕ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆಗೆ ಹೋದವಳು ಅಲ್ಲಿಂದಲೇ ಕರೆದಳು.

“ತಮ್ಮಾ, ಹೇಗೂ ಬಂದಿದ್ದೀಯ. ಆ ಅಟ್ಟದ ಮೇಲಿರೋ ದೊಡ್ಡ ತಟ್ಟೆ ತೆಕ್ಕೊಡು. ಇವನಿಗೆ ಈ ತಟ್ಟೆ ಸಾಲ್ತಾ ಇಲ್ಲ.”

ಏಣಿ ಎದ್ದು ಹೋಗಿ, ಕೈ ಚಾಚಿ, ತಟ್ಟೆ ಇಳಿಸಿಕೊಟ್ಟ.