ಗ್ಯಾಸಿಗೊಂದು ಕೊಸರು

ನಿಜಾಮರ ಫಸಲಿ ಲೆಕ್ಕದ ೧೩೧೬ರಲ್ಲಿ, ನಾಲ್ಕನೆಯ ಇಯತ್ತೆ ಅರ್ಧಕ್ಕೆ ಬಂದಾಗ, ನಾನು ಓದು ನಿಲ್ಲಿಸಿದೆ. ಶಾಲೆಯೇ ನನ್ನನ್ನು ಬಿಟ್ಟಿತೆಂದು ಹೇಳುವವರಿದ್ದಾರೆ. ನಂಬಬೇಡಿ, ಬಿಟ್ಟವನು ನಾನೇ. ಆದರೆ ಅರ್ಧಕ್ಕೆ ಓದು ಬಿಟ್ಟವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ತಿಳಿಯದ್ದನ್ನು ಕೇಳಲು ಬಾಯಿ ಏಳುವುದಿಲ್ಲ. ಓದಿದವರು ಆರಾಮಾಗಿ 'ನನಗೆ ಗೊತ್ತಿಲ್ಲ' ಅಂದುಬಿಡುತ್ತಾರೆ. ನಮ್ಮಂಥವರು ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ಅದೇ ತಲೆಯನ್ನು ಕೆರೆದುಕೊಳ್ಳುತ್ತೇವೆ.

ಕಲಬುರ್ಗಿಯ ಗಾಜಿಪುರದಲ್ಲಿ ನನ್ನದೊಂದು ಗೋಲಿ ಸೋಡಾ ಕಾರಖಾನೆ. ಕಾರಖಾನೆ ಎಂದರೆ ಗಾಬರಿಯಾಗಬೇಡಿ; ಒಂದು ಕೋಣೆ, ಒಂದು ಯಂತ್ರ, ಅದರ ಹಿಡಿಕೆ ತಿರುಗಿಸುವ ನಾನು. ಗ್ಯಾಸು ಎಷ್ಟು ಹರಿಯುತ್ತಿದೆ ಎಂಬುದನ್ನು 'ಸುಂಯ್' ಎನ್ನುವ ಸದ್ದಿನಿಂದಲೇ ತಿಳಿಯುತ್ತಿದ್ದೆ. ಇದನ್ನು ನನ್ನ ಷಡ್ಡಕರಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡ ಸಿದ್ರಾಮಪ್ಪನವರಿಗೆ, ನೋಡಲಾಗಲಿಲ್ಲ. ಅವರು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿದವರು. ಗಡಿಯಾರದಂಥ ಒಂದು ಮುಳ್ಳಿನ ಮಾಪಕ ತಂದು ಯಂತ್ರಕ್ಕೆ ಕೂಡಿಸಿ, "ತಮ್ಮಾ, ಇನ್ನ ಮ್ಯಾಲ ಮುಳ್ಳು ನಂಬು, ಕಿವಿ ನಂಬಬ್ಯಾಡ" ಎಂದರು. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ಕಮಲಾಪುರದಲ್ಲಿ ನನ್ನ ಹೆಂಡತಿಯ ತಮ್ಮನ ಮದುವೆ ಗೊತ್ತಾಯಿತು. ಬೀಗರಿಗೆಲ್ಲ ಸೋಡಾ ನನ್ನದೇ ಎಂದೆ. ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ ನನ್ನ ಮಾವ ಒಪ್ಪಲಿಲ್ಲ.

"ಬ್ಯಾಡ್ರಿ ಅಳಿಯಂದ್ರ. ಕಲಬುರ್ಗಿಯಿಂದ ಇಲ್ಲಿಗೆ ಬರೂದ್ರಾಗ ಗ್ಯಾಸೆಲ್ಲಾ ಹಾರಿ ಬರೇ ನೀರು ಉಳೀತದ. ಬೀಗರು ನಗತಾರ. ಪಾನಕಾನೇ ಸಾಕು."

ನನ್ನ ಹೆಂಡತಿ ಶರಣಮ್ಮ ಸೆರಗು ಬಿಗಿದು ಎದ್ದಳು. "ಅಪ್ಪಾ, ನಮ್ಮನಿಯವರು ತಂದ ಸೋಡಾ ಚಪ್ಪಗಿದ್ರ ನಾ ತಮ್ಮನ ಮದವಿ ಪಂಗತ್ಯಾಗ ಕೂಡೂದೇ ಇಲ್ಲ, ನೋಡು!"

ಒಬ್ಬನೇ ತಮ್ಮ, ಒಂದೇ ಮದುವೆ. ಆಕೆಯ ಊಟ ಈಗ ನನ್ನ ಬಾಟಲಿಯೊಳಗೆ ಕೂತಿತ್ತು.

ಸಿದ್ರಾಮಪ್ಪನವರು ಒಂದು ಚೀಟಿ ಬರೆದುಕೊಟ್ಟರು: 'ಗ್ಯಾಸು ನಿಮಿಷಕ್ಕೆ ಮುಕ್ಕಾಲು ಗ್ರಾಮ್-ಮೋಲ್.' ಕಾರಖಾನೆಗೆ ಬಂದು ಮಾಪಕ ನೋಡಿದರೆ ಅದರ ಮೇಲಿರುವುದು ತಾಸಿಗೆ ಇಷ್ಟು ಪೌಂಡ್-ಮೋಲ್ ಎಂಬ ಲೆಕ್ಕ. ಒಂದು ಪೌಂಡ್-ಮೋಲಿಗೆ ಹತ್ತು ಗೀಟು. ಚೀಟಿಯದೊಂದು ಭಾಷೆ, ಮುಳ್ಳಿನದೊಂದು ಭಾಷೆ. ಮೋಲ್ ಎಂದರೇನೆಂದು ಅವರು ಹಿಂದೊಮ್ಮೆ ಹೇಳಿದ್ದರು. ಕೇಳದಿದ್ದರೂ ಹೇಳುವುದು ಓದಿದವರ ಗುಣ. "ಅದು ತೂಕಲ್ಲ ತಮ್ಮಾ, ಎಣಿಕಿ. ಡಜನ್ ಇದ್ದಂಗ. ಕೆಂಪು ಬಾಳಿ ಡಜನ್ ಭಾರ, ಸಣ್ಣ ಬಾಳಿ ಡಜನ್ ಹಗರ. ಡಜನ್ ಮಾತ್ರ ಡಜನ್ನೇ." ಬಾಳೆಹಣ್ಣೆಂದರೆ ನನಗೆ ತಿಳಿಯುತ್ತದೆ, ಎಷ್ಟೆಂದರೂ ಕಮಲಾಪುರದ ಅಳಿಯ. ಪೌಂಡಿಗೆ ಎಷ್ಟು ಗ್ರಾಮ್ ಎಂದು ಯಾರನ್ನೂ ಕೇಳಲಿಲ್ಲ. ಔಷಧದ ಅಂಗಡಿಗೆ ಹೋಗಿ, ಇಲ್ಲದ ಕೆಮ್ಮು ಕೆಮ್ಮಿ, ಗೋಡೆಯ ಪಟ್ಟಿಯಲ್ಲಿ ಓದಿಕೊಂಡು ಬಂದೆ. ನಾನೂರ ಐವತ್ತನಾಲ್ಕು.

ಗ್ರಾಮ್-ಮೋಲ್ ಒಂದು ಬುಟ್ಟಿ ಎಂದುಕೊಂಡೆ. ಅಂಥ ನಾನೂರ ಐವತ್ತನಾಲ್ಕು ಬುಟ್ಟಿ ತುಂಬಿದ ಬಂಡಿಯೇ ಪೌಂಡ್-ಮೋಲ್. ನಿಮಿಷಕ್ಕೆ ಮುಕ್ಕಾಲು ಬುಟ್ಟಿಯಾದರೆ ತಾಸಿಗೆ ನಲವತ್ತೈದು, ಬಂಡಿಯ ಹತ್ತನೆಯ ಪಾಲು. ಮುಳ್ಳು ಮೊದಲನೆಯ ಗೀಟಿಗೆ ನಿಲ್ಲಬೇಕು. ಸರಿಯಾದ ಲೆಕ್ಕ! ಅಲ್ಲಿಗೇ ಬಿಟ್ಟಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಕಮಲಾಪುರದ ತೋಟದಲ್ಲಿ ಡಜನ್ ಹಣ್ಣು ಕೊಂಡವರ ಕೈಗೆ ಮೇಲೊಂದು ಹಣ್ಣು ಕೊಸರು ಇಡದೆ ಕಳಿಸಿದವರಿಲ್ಲ. ಮದುವೆಯ ಸೋಡಾ, ಅದೂ ಬೀಗರಿಗೆ, ಕೊಸರಿಲ್ಲದೆ ಹೇಗೆ? ಮುಕ್ಕಾಲಿಗೆ ಕಾಲು ಕೊಸರು ಸೇರಿಸಿ ನಿಮಿಷಕ್ಕೊಂದು ಮಾಡಿದೆ, ತಾಸಿಗೆ ಅರವತ್ತಾಯಿತು. ಕಮಲಾಪುರದ ದಾರಿಯ ಸಲುವಾಗಿ ಮೇಲೆ ಎಂಟು ಬುಟ್ಟಿ. ಮುಳ್ಳು ಒಂದೂವರೆ ಗೀಟಿಗೆ ಹೋಗಿ ನಿಂತಿತು. ಯಂತ್ರದ ಸದ್ದು ಬೇರೆಯಾಗಿತ್ತು. ಕಿವಿಗೆ ಗೊತ್ತಾಯಿತು, ಆದರೆ ಕಿವಿಯನ್ನು ನಂಬಬಾರದೆಂದು ಅಪ್ಪಣೆಯಾಗಿತ್ತಲ್ಲ.

ಬಾಟಲಿಗಳನ್ನು ಹುಲ್ಲಿನಲ್ಲಿ ಇಟ್ಟು, ಒದ್ದೆ ಗೋಣಿ ಹೊದಿಸಿ, ಎತ್ತಿನ ಬಂಡಿಯಲ್ಲಿ ದಾರಿಯುದ್ದಕ್ಕೂ ಕುಲುಕಿಸುತ್ತ ಕಮಲಾಪುರಕ್ಕೆ ತಂದೆ. ಹಂದರದಲ್ಲಿ ಬೀಗರ ಎದುರಿಗೆ ಮಾವ ಮೊದಲ ಬಾಟಲಿಗೆ ಹೆಬ್ಬೆರಳು ಒತ್ತಿದರು.

"ಗೋಲಿ ಇಳೀವಲ್ದಲ್ರೀ!"

ಸಿದ್ರಾಮಪ್ಪನವರು ಮುಂದೆ ಬಂದರು. "ಇಲ್ಲಿ ಕೊಡ್ರಿ ಮಾವಾರ, ಇದಕ್ಕ ಹಿಕಮತ್ ಬೇಕು." ಎರಡೂ ಹೆಬ್ಬೆರಳು ಕೂಡಿಸಿ ಒತ್ತಿದರು. 'ಠಪ್' ಎಂದಿತು. ಸೋಡಾ ಹಂದರದ ತಳಿರು ಮುಟ್ಟಿ, ಅವರ ಹೊಸ ರುಮಾಲು ತೋಯಿಸಿ, ಮೀಸೆಯಿಂದ ತೊಟ್ಟಿಕ್ಕಿತು. ನಾನು ಶರಣಮ್ಮನ ಕಡೆ ನೋಡಲಿಲ್ಲ.

ಆಗ ಹೆಣ್ಣಿನ ಸೋದರತ್ತೆ, ಹಲ್ಲಿಲ್ಲದ ಮುದುಕಿ, ಕಿಲಕಿಲ ನಕ್ಕು ಕೈ ಚಾಚಿದಳು. "ನನಗೂ ಅಂಥಾದೇ ಒಂದು ಕೊಡ್ರೀ, ಹಾರೂದು!"

ಆಮೇಲೆ ಹುಡುಗರು, ಬೀಗರು, ಬಾಜಾದವರು ಎಲ್ಲರಿಗೂ ಹಾರುವುದೇ ಬೇಕಾಯಿತು. ಸಿದ್ರಾಮಪ್ಪನವರು ಮುಖ ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು.

"ಮುಳ್ಳು ಎಷ್ಟಕ್ಕ ಇಟ್ಟಿದ್ದಿ?"

"ಒಂದೂವರಿಗಿ, ಅಣ್ಣಾರ. ಅರ್ಧ ಕೊಸರು."

"ಗ್ಯಾಸಿಗಿ ಕೊಸರು ಯಾರು ಹಾಕ್ತಾರೋ ಮಾರಾಯಾ!"

"ಕಮಲಾಪುರದಾಗ ಹಾಕ್ತಾರ್ರೀ," ಎಂದರು ಮಾವ, ಎರಡನೆಯ ಬಾಟಲಿ ಒತ್ತುತ್ತ. ಶರಣಮ್ಮ ಪಂಗತಿಯಲ್ಲಿ ಮೊದಲನೆಯ ಎಲೆಗೇ ಕೂತಳು.

ಈಗಲೂ ಮುಳ್ಳನ್ನು ಒಂದನೆಯ ಗೀಟಿಗೇ ಇಡುತ್ತೇನೆ. ಕಮಲಾಪುರದ ಮದುವೆಗಳಿಗೆ ಮಾತ್ರ ಒಂದೂವರೆ. ಸಿದ್ರಾಮಪ್ಪನವರನ್ನು ಇನ್ನೂ ಏನೂ ಕೇಳಿಲ್ಲ, ತಲೆಯಾಡಿಸುತ್ತೇನೆ. ನನ್ನ ಬಳಿ ಈಗ ಇರುವುದು ಇಷ್ಟು: ಯಂತ್ರ ಎರಡು, ಮಾಪಕ ಒಂದು, ಬಾಟಲಿ ಇಪ್ಪತ್ತು ಡಜನ್, ಕಿವಿ ಎರಡು, ಓದು ಮೂರೂವರೆ ಇಯತ್ತೆ.